ಬಿಟ್‌ಕಾಯಿನ್ ನೋಡ್: ಕನಿಷ್ಠ ಹಾರ್ಡ್‌ವೇರ್ ಪಟ್ಟಿಗೆ 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್ ಸಾಕೇ?

ಪ್ರಶ್ನೆ:
ಬಿಟ್‌ಕಾಯಿನ್ ನೋಡ್ (ಜಾಲದ ಒಂದು ಕಂಪ್ಯೂಟರ್) ನಡೆಸುವ ಬಿಟ್‌ಕಾಯಿನ್ ಕೋರ್ ಪ್ರೋಗ್ರಾಂಗೆ ಕನಿಷ್ಠ ಏನು ಬೇಕು ಎಂಬ ಪಟ್ಟಿ ಮಾಡುತ್ತಿದ್ದೇನೆ. ಪರೀಕ್ಷೆಗಿಟ್ಟ ಲಿನಕ್ಸ್ ಯಂತ್ರದಲ್ಲಿ 4 ಕೋರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್, ಡಿಬಿಕ್ಯಾಶ್=3000 (ಡೇಟಾಬೇಸ್ ಕ್ಯಾಶ್‌ಗೆ ಕೊಟ್ಟ ಮೆಮೊರಿ, ಎಂಬಿಗಳಲ್ಲಿ). ಸಿಂಕ್ (ಈವರೆಗಿನ ಎಲ್ಲ ಬ್ಲಾಕ್ ಇಳಿಸಿ ಪರಿಶೀಲಿಸುವುದು) ಮೊದಮೊದಲು ಸರಸರ ಓಡಿತು, ಈಗ ತೆವಳುತ್ತಿದೆ. ಪ್ರೊಸೆಸರ್ ಬಹುಪಾಲು ಖಾಲಿ. ಎರಡು ಸಲ ತಾನಾಗೇ ನಿಂತುಹೋಗಿದೆ, ಲಾಗ್‌ನಲ್ಲಿ ದೋಷವೇ ಇಲ್ಲ. ಪ್ರೊಸೆಸರ್ ಸಾಲದೇ?

ಉತ್ತರ 1:
ಪ್ರೊಸೆಸರ್ ಸಾಕು ಸರ್. ಇಲ್ಲಿರುವುದು ಎರಡು ಬೇರೆ ಬೇರೆ ತೊಂದರೆ.

ಲಾಗ್‌ನಲ್ಲಿ ಸುಳಿವಿಲ್ಲದೆ ನಿಂತರೆ ಮೊದಲ ಅನುಮಾನ ಮೆಮೊರಿ ಮೇಲೆ. ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಸಂದೇಶ ತೋರಿಸುವ ಡಿಮೆಸೇಜ್ (dmesg) ಆದೇಶ ಕೊಟ್ಟು 'ಔಟ್ ಆಫ್ ಮೆಮೊರಿ' ಸಾಲು ಹುಡುಕಿ. ಇದ್ದರೆ ಕರ್ನಲ್ಲೇ ಪ್ರೋಗ್ರಾಂ ಕೊಂದಿದೆ. ಡಿಬಿಕ್ಯಾಶ್ ಎಂಬುದು ಒಟ್ಟು ಮೆಮೊರಿಯ ಮಿತಿಯಲ್ಲ. ಬ್ಲಾಕ್ ಸೂಚಿ, ಪಿಯರ್‌ಗಳು (ಸಂಪರ್ಕದಲ್ಲಿರುವ ಇತರ ನೋಡ್‌ಗಳು), ಆಪರೇಟಿಂಗ್ ಸಿಸ್ಟಂ ಎಲ್ಲ ಅದರ ಮೇಲೆ ಕೂರುತ್ತವೆ. ಮೆಂಪೂಲ್‌ಗೆಂದು (ಬ್ಲಾಕ್ ಸೇರಲು ಕಾಯುವ ವಹಿವಾಟುಗಳಿಗೆಂದು) ಇಟ್ಟ 300 ಎಂಬಿ ಸಹ ಸಿಂಕ್ ಸಮಯದಲ್ಲಿ ಕ್ಯಾಶ್‌ಗೇ ಸೇರುತ್ತದೆ. 4 ಜಿಬಿ ಯಂತ್ರಕ್ಕೆ 1000 ಇಡಿ. ಹಠಾತ್ತನೆ ಸತ್ತಾಗ, ಡಿಸ್ಕ್‌ಗೆ ಇನ್ನೂ ಬರೆಯದಿದ್ದ ಕೆಲಸವನ್ನೆಲ್ಲ ಮತ್ತೆ ಮಾಡಬೇಕಾಗುತ್ತದೆ.

ತೆವಳುವುದಕ್ಕೆ ಹಾರ್ಡ್‌ಡಿಸ್ಕೇ ಕಾರಣ. ವಹಿವಾಟಿನ ಪ್ರತಿ ಇನ್‌ಪುಟ್‌ಗೂ ಖರ್ಚಾಗದ ನಾಣ್ಯಗಳ ಪಟ್ಟಿಯಲ್ಲಿ ಹುಡುಕಾಟ ನಡೆಯುತ್ತದೆ. ಚೈನ್‌ಸ್ಟೇಟ್ ಎಂಬ ಆ ಪಟ್ಟಿ ಆರಂಭದಲ್ಲಿ ಪುಟ್ಟದು, ಪೂರ್ತಿ ಕ್ಯಾಶ್‌ನಲ್ಲೇ ಕೂರುತ್ತದೆ. ಈಚಿನ ವರ್ಷಗಳ ಬ್ಲಾಕ್‌ಗಳಿಗೆ ಬರುವಷ್ಟರಲ್ಲಿ 10 ಜಿಬಿ ದಾಟುತ್ತದೆ. ಆಗ ಡಿಸ್ಕ್‌ನ ಎಲ್ಲೆಂದರಲ್ಲಿಂದ ಚೂರುಚೂರು ಓದಬೇಕು. ಹಾರ್ಡ್‌ಡಿಸ್ಕ್ ಸೆಕೆಂಡಿಗೆ ನೂರಿನ್ನೂರು ಸಲ ಹಾಗೆ ಓದಬಲ್ಲದು, ಎಸ್‌ಎಸ್‌ಡಿ ಹತ್ತಾರು ಸಾವಿರ ಸಲ. ಡಿಸ್ಕ್ ಬಳಕೆ ತೋರಿಸುವ 'ಐಒಸ್ಟ್ಯಾಟ್ -ಎಕ್ಸ್ 5' (iostat -x 5) ಓಡಿಸಿ. ಬಳಕೆಯ ಕಾಲಂ 100ರ ಹತ್ತಿರ ನಿಂತಿದ್ದರೆ ಇದೇ.

ಪೂರ್ತಿ ಎಸ್‌ಎಸ್‌ಡಿ ಆಗದಿದ್ದರೆ ಡೇಟಾ ಫೋಲ್ಡರ್ ಚಿಕ್ಕ ಎಸ್‌ಎಸ್‌ಡಿಯಲ್ಲಿಡಿ, ಬ್ಲಾಕ್ಸ್‌ಡಿರ್ ಆಯ್ಕೆಯಿಂದ ಬ್ಲಾಕ್ ಕಡತಗಳನ್ನು ಮಾತ್ರ ಹಾರ್ಡ್‌ಡಿಸ್ಕ್‌ಗೆ ಕಳಿಸಿ. ಅವನ್ನು ಸಾಲಾಗಿ ಬರೆಯುವುದರಿಂದ ಹಾರ್ಡ್‌ಡಿಸ್ಕ್ ತಡೆದುಕೊಳ್ಳುತ್ತದೆ. ಸ್ಥಳಾಂತರಿಸುವಾಗ ಬಿಎಲ್‌ಕೆ (ಬ್ಲಾಕ್), ಆರ್‌ಇವಿ (ಬ್ಲಾಕ್ ಹಿಂತೆಗೆಯುವ ಮಾಹಿತಿ) ಕಡತಗಳ ಜೊತೆ, ಅವನ್ನು ಓದಲು ಬೇಕಾದ ಕೀಲಿಯಿರುವ ಎಕ್ಸ್‌ಒಆರ್ ಕಡತವಿದ್ದರೆ ಅದನ್ನೂ ಒಯ್ಯಿರಿ, ಮರೆತರೆ ಬ್ಲಾಕ್‌ಗಳನ್ನು ಓದಲಾಗುವುದಿಲ್ಲ. ಇಂಡೆಕ್ಸ್ ಫೋಲ್ಡರ್ ಎಸ್‌ಎಸ್‌ಡಿಯಲ್ಲೇ ಇರಲಿ.

ಪ್ರಶ್ನೆ:
ಮೆಮೊರಿ ಸಾಲು ಸಿಕ್ಕಿತು, ಡಿಸ್ಕ್ 99ರಲ್ಲಿದೆ. ಪ್ರೂನ್=550 (ಹಳೆಯ ಬ್ಲಾಕ್ ಕಡತಗಳನ್ನು ಅಳಿಸುವ ಆಯ್ಕೆ) ಹಾಕಿದರೆ ಪಟ್ಟಿಯಲ್ಲಿ 1 ಜಿಬಿ ಜಾಗ ಅಂತ ಬರೆಯಬಹುದೇ?

ಉತ್ತರ 2:
ಖಂಡಿತ ಬೇಡ. 550 ಎಂಬಿ ಮಿತಿ ಬ್ಲಾಕ್ ಕಡತಗಳಿಗಷ್ಟೇ. ಚೈನ್‌ಸ್ಟೇಟ್ ಪೂರ್ತಿ ಬೇಕು. 32 ಜಿಬಿ ಖಾಲಿ ಜಾಗ ಎಂದು ಬರೆಯಿರಿ. ಪ್ರೂನ್ ಮಾಡಿದರೂ ಇಡೀ ಸರಪಳಿ ಒಮ್ಮೆ ಇಳಿಸಿಕೊಂಡು ಪರಿಶೀಲಿಸಲೇಬೇಕು, ಹಾಗಾಗಿ ಡೇಟಾ ಮಿತಿಯಿರುವ ಸಂಪರ್ಕದವರಿಗೆ ಎಚ್ಚರಿಕೆ ಇರಲಿ. ಟಿಎಕ್ಸ್‌ಇಂಡೆಕ್ಸ್ (ಎಲ್ಲ ವಹಿವಾಟುಗಳ ಸೂಚಿ) ಜೊತೆ ಪ್ರೂನ್ ನಡೆಯುವುದಿಲ್ಲ.

ಪೂರ್ಣ ನೋಡ್‌ಗೆ 1 ಟಿಬಿ ಹೆಚ್ಚು ಕಾಲ ಬಾಳದು. ದಿನಕ್ಕೆ ಸುಮಾರು 144 ಬ್ಲಾಕ್, ತಲಾ 1.6 ಎಂಬಿ ಹಿಡಿದರೂ ವರ್ಷಕ್ಕೆ 84 ಜಿಬಿ. ಸರಪಳಿ ಈಗಾಗಲೇ 600 ಜಿಬಿ ದಾಟಿದೆ. ಹೊಸದಾಗಿ ಕೊಳ್ಳುವವರಿಗೆ 2 ಟಿಬಿ ಎನ್ನಿ.

ಪಟ್ಟಿಯಲ್ಲಿ ಮೊದಲ ಸಿಂಕ್‌ಗೆ ಒಂದು ಕಾಲಂ, ಆಮೇಲಿನ ದಿನನಿತ್ಯಕ್ಕೆ ಇನ್ನೊಂದು ಮಾಡಿ. ಸಿಂಕ್ ಮುಗಿದ ಮೇಲೆ ಡಿಬಿಕ್ಯಾಶ್ 450ಕ್ಕೆ ಇಳಿಸಿದರೆ 2 ಜಿಬಿ ರ‍್ಯಾಮ್‌ನಲ್ಲೂ ನಡೆಯುತ್ತದೆ.

ಉತ್ತರ 1:
ಒಂದು ಬಿಟ್ಟುಹೋಯಿತು. ಸಿಸ್ಟಂಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರು ಮಾಡಿ ನಿಲ್ಲಿಸುವ ವ್ಯವಸ್ಥೆ) ಮೂಲಕ ಓಡಿಸುವವರು ಟೈಮ್‌ಔಟ್‌ಸ್ಟಾಪ್‌ಸೆಕ್ 600 ಇಡಬೇಕು. ಪ್ರೋಗ್ರಾಂ ನಿಲ್ಲಲು ಕೊಡುವ ಸಾಮಾನ್ಯ ಮಿತಿ 90 ಸೆಕೆಂಡ್. ನಿಧಾನದ ಡಿಸ್ಕ್‌ನಲ್ಲಿ ಕ್ಯಾಶ್ ಬರೆದು ಮುಗಿಯುವ ಮೊದಲೇ ಸಿಸ್ಟಂಡಿ ಅದನ್ನು ಕೊಂದುಬಿಡುತ್ತದೆ.