ಎನ್ವಲಪ್ ಡಿಟೆಕ್ಟರ್: ಶೇ 80 ಮಾಡ್ಯುಲೇಶನ್‌ಗೆ ಆಡಿಯೋದ ಕೆಳಭಾಗ ಹಾಳಾಗುತ್ತಿದೆ

ಸುರುಳಿ455

ಎಲ್ಲರಿಗೂ ನಮಸ್ಕಾರ. ಬ್ರೆಡ್‌ಬೋರ್ಡ್ ಮೇಲೆ ಎಎಂ ಡಿಟೆಕ್ಟರ್ (ಕ್ಯಾರಿಯರ್ ತರಂಗದ ಎತ್ತರದ ಏರಿಳಿತದಿಂದ ಆಡಿಯೋ ಬಿಡಿಸುವ ಸರ್ಕ್ಯೂಟ್) ಕಟ್ಟಿದ್ದೇನೆ. 455 ಕಿಲೋಹರ್ಟ್ಸ್ ಕ್ಯಾರಿಯರ್, 1 ಕಿಲೋಹರ್ಟ್ಸ್ ಟೋನ್. ಕಪ್ಪು ಕೋರ್‌ನ ಐಎಫ್‌ಟಿಯ (ಇಂಟರ್ಮೀಡಿಯೆಟ್ ಫ್ರೀಕ್ವೆನ್ಸಿ ಟ್ರಾನ್ಸ್‌ಫಾರ್ಮರ್) ಸೆಕೆಂಡರಿಯಿಂದ 1ಎನ್4148 ಡಯೋಡ್, ಅದರ ನಂತರ ಗ್ರೌಂಡ್‌ಗೆ 10 ಕೆ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. ಅಲ್ಲಿಂದ 1 ಮೈಕ್ರೋಫ್ಯಾರಡ್ ಮೂಲಕ 10 ಕೆ ವಾಲ್ಯೂಮ್ ಪಾಟ್, ಪಾಟ್‌ನ ನಡುಕಾಲಿನಿಂದ ಎಲ್‌ಎಂ386 ಆಂಪ್ಲಿಫೈಯರ್ ಐಸಿಗೆ.

ಐಎಫ್‌ಟಿ ಸೆಕೆಂಡರಿಯಲ್ಲಿ ಸ್ಕೋಪ್ ಇಟ್ಟರೆ ತರಂಗ ಅತಿ ದಪ್ಪ ಇರುವ ಕಡೆ ಪೀಕ್ ಟು ಪೀಕ್ 3.6 ವೋಲ್ಟ್, ಅತಿ ಸಣ್ಣ ಇರುವ ಕಡೆ 0.4 ವೋಲ್ಟ್. ಅಲ್ಲಿ ಆಕಾರ ಚೆನ್ನಾಗಿಯೇ ಇದೆ. ಡಯೋಡ್ ಆಚೆ ಮಾತ್ರ ಸೈನ್ ಮೇಲೇರುವಾಗ ಸರಿ, ಇಳಿಯುವಾಗ ಓರೆ ಗೆರೆ. ಡಯೋಡ್ ಬದಲಿಸಿ ಜರ್ಮೇನಿಯಂನ ಒಎ79 ಹಾಕಿದರೂ ಹೆಚ್ಚು ವ್ಯತ್ಯಾಸ ಬರಲಿಲ್ಲ. ತಪ್ಪು ಎಲ್ಲಿದೆ?

ಮಧ್ಯಮತರಂಗ

ಓರೆ ಗೆರೆಗೆ ಕಾರಣ ಆ 0.1 ಮೈಕ್ರೋಫ್ಯಾರಡ್. 10 ಕೆ ಜೊತೆ ಅದರ ಟೈಮ್ ಕಾನ್‌ಸ್ಟಂಟ್ (ಆರ್‌ಸಿ, ಅಂದರೆ ರೆಸಿಸ್ಟರ್ × ಕೆಪಾಸಿಟರ್) 1 ಮಿಲಿಸೆಕೆಂಡ್. ನಿಮ್ಮ ಟೋನ್‌ನ ಒಂದು ಪೂರ್ತಿ ಆವರ್ತವೇ 1 ಮಿಲಿಸೆಕೆಂಡ್. ಎನ್ವಲಪ್ (ಕ್ಯಾರಿಯರ್‌ನ ತುದಿಗಳನ್ನು ಜೋಡಿಸುವ ಹೊರಗೆರೆ) ಬೇಗ ಇಳಿಯುತ್ತಿದೆ, ಕೆಪಾಸಿಟರ್ ಅಷ್ಟು ಬೇಗ ಖಾಲಿಯಾಗುತ್ತಿಲ್ಲ. ಅಷ್ಟು ಹೊತ್ತೂ ಡಯೋಡ್ ಮುಚ್ಚಿಕೊಂಡಿರುತ್ತದೆ, ಸ್ಕೋಪ್‌ನಲ್ಲಿ ಕಾಣುವುದು ಕೆಪಾಸಿಟರ್ ತನ್ನ ಪಾಡಿಗೆ ಬರಿದಾಗುವ ಗೆರೆ. ಇದಕ್ಕೆ ಡಯಾಗನಲ್ ಕ್ಲಿಪ್ಪಿಂಗ್ ಎನ್ನುತ್ತಾರೆ.

ಮೊದಲು ಮಾಡ್ಯುಲೇಶನ್, ಅಂದರೆ ಕ್ಯಾರಿಯರ್‌ನ ಎತ್ತರ ಎಷ್ಟು ಪಾಲು ಏರಿಳಿಯುತ್ತದೆ ಎಂಬುದರ ಲೆಕ್ಕ: (3.6 − 0.4) ಭಾಗಿಸು (3.6 + 0.4), ಅಂದರೆ 0.8. ಮಿತಿ ಹೀಗೆ ಬರುತ್ತದೆ: 1ರಿಂದ ಮಾಡ್ಯುಲೇಶನ್‌ನ ವರ್ಗ ಕಳೆದು ವರ್ಗಮೂಲ ತೆಗೆಯಿರಿ. ಅದನ್ನು (6.28 × ಆಡಿಯೋ ಫ್ರೀಕ್ವೆನ್ಸಿ × ಮಾಡ್ಯುಲೇಶನ್) ಇಂದ ಭಾಗಿಸಿ. ಆರ್‌ಸಿ ಇದಕ್ಕಿಂತ ಕಡಿಮೆ ಇರಬೇಕು. ಶೇ 80ಕ್ಕೆ 1 ಕಿಲೋಹರ್ಟ್ಸ್‌ನಲ್ಲಿ 119 ಮೈಕ್ರೋಸೆಕೆಂಡ್, 5 ಕಿಲೋಹರ್ಟ್ಸ್‌ನಲ್ಲಿ ಬರೀ 24. ನೀವು ಹಾಕಿರುವ 1000 ಮೈಕ್ರೋಸೆಕೆಂಡ್‌ಗೆ ಶೇ 16ರ ಮಾಡ್ಯುಲೇಶನ್ ದಾಟಿದ ಕೂಡಲೇ ಆಕಾರ ಕೆಡುತ್ತದೆ.

ಲೆಕ್ಕ ಹಾಕಬೇಕಾದದ್ದು ಬೇಕಿರುವ ಅತಿ ಹೆಚ್ಚಿನ ಆಡಿಯೋ ಫ್ರೀಕ್ವೆನ್ಸಿಗೆ. 1 ಕಿಲೋಹರ್ಟ್ಸ್ ಟೋನ್‌ಗೆ ಹೊಂದಿಸಿ 10 ನ್ಯಾನೊಫ್ಯಾರಡ್ ಹಾಕಿದರೆ ಮೇಜಿನ ಮೇಲೆ ಚೆನ್ನಾಗಿ ಕಾಣುತ್ತದೆ, ಆದರೆ 5 ಕಿಲೋಹರ್ಟ್ಸ್‌ನಲ್ಲಿ ಅದು ಶೇ 30ಕ್ಕೇ ಸೋಲುತ್ತದೆ. ನಮ್ಮಲ್ಲಿ ಮಧ್ಯಮ ತರಂಗದ ಕೇಂದ್ರಗಳ ನಡುವಿನ ಅಂತರ 9 ಕಿಲೋಹರ್ಟ್ಸ್, ಹಾಗಾಗಿ 5 ಕಿಲೋಹರ್ಟ್ಸ್ ಹಿಡಿದುಕೊಂಡರೆ ಸಾಕು. 2.2 ನ್ಯಾನೊಫ್ಯಾರಡ್ ಹಾಕಿ, ಆರ್‌ಸಿ 22 ಮೈಕ್ರೋಸೆಕೆಂಡ್ ಆಗುತ್ತದೆ. ಕ್ಯಾರಿಯರ್‌ನ ಒಂದು ಆವರ್ತ 2.2 ಮೈಕ್ರೋಸೆಕೆಂಡ್, ಅದಕ್ಕೆ ಇದು ಹತ್ತು ಪಟ್ಟು. ಇನ್ನೂ ಕಡಿಮೆ ಮಾಡಿದರೆ ಔಟ್‌ಪುಟ್‌ನಲ್ಲಿ 455 ಕಿಲೋಹರ್ಟ್ಸ್‌ನ ರಿಪಲ್ (ಕ್ಯಾರಿಯರ್‌ನ ಉಳಿಕೆ) ಹೆಚ್ಚುತ್ತದೆ.

ಬೆಸುಗೆಕಡ್ಡಿ

ಕೆಪಾಸಿಟರ್ ಬದಲಿಸಿದ ಮೇಲೆ ಇನ್ನೊಂದು ದೋಷ ಹೊರಬೀಳುತ್ತದೆ, ಈಗಲೇ ಹೇಳಿಬಿಡುತ್ತೇನೆ. ಡಿಸಿಗೆ ನಿಮ್ಮ ಡಯೋಡ್ ಕಾಣುವ ಲೋಡ್ 10 ಕೆ. ಆಡಿಯೋಗೆ ಮಾತ್ರ 1 ಮೈಕ್ರೋಫ್ಯಾರಡ್ ತಂತಿಯಂತೆಯೇ, ಆದ್ದರಿಂದ ಆಚೆಯ 10 ಕೆ ಪಾಟ್ ಕೂಡ ಪ್ಯಾರಲಲ್‌ಗೆ ಬಂದು ಲೋಡ್ 5 ಕೆ ಆಗುತ್ತದೆ. ಈ ಎರಡರ ಅನುಪಾತವೇ ತಡೆದುಕೊಳ್ಳಬಲ್ಲ ಮಾಡ್ಯುಲೇಶನ್: 5 ಭಾಗಿಸು 10, ಅಂದರೆ ಶೇ 50. ಕಪ್ಲಿಂಗ್ ಕೆಪಾಸಿಟರ್ ಸರಾಸರಿ ಡಿಸಿಯನ್ನು ಹಿಡಿದಿಟ್ಟುಕೊಂಡು, ಎನ್ವಲಪ್ ತಗ್ಗಿದಾಗ ಅದನ್ನೇ ಹಿಂದಕ್ಕೆ ಒತ್ತುತ್ತದೆ. ಎನ್ವಲಪ್ ಅದಕ್ಕಿಂತ ಕೆಳಗಿಳಿದರೆ ಡಯೋಡ್ ತೆರೆಯುವುದೇ ಇಲ್ಲ.

ಹಳೆಯ ರೇಡಿಯೋಗಳಲ್ಲಿ ವಾಲ್ಯೂಮ್ ಪಾಟನ್ನೇ ಡಯೋಡ್‌ನ ಲೋಡ್ ಮಾಡುತ್ತಿದ್ದುದು ಈ ಕಾರಣಕ್ಕೇ. ನೀವೂ ಹಾಗೇ ಮಾಡಿ:

ಡಯೋಡ್‌ನಿಂದ ಗ್ರೌಂಡ್‌ಗೆ 1 ನ್ಯಾನೊಫ್ಯಾರಡ್. ಅಲ್ಲಿಂದ ಸರಣಿಯಲ್ಲಿ 2.2 ಕೆ. ಅದರ ಆಚೆ ಗ್ರೌಂಡ್‌ಗೆ ಮತ್ತೊಂದು 1 ನ್ಯಾನೊಫ್ಯಾರಡ್, ಅಲ್ಲೇ 10 ಕೆ ಪಾಟ್‌ನ ಮೇಲ್ತುದಿ. ಪಾಟ್‌ನ ಕೆಳತುದಿ ಗ್ರೌಂಡ್‌ಗೆ. ನಡುಕಾಲಿನಿಂದ 0.1 ಮೈಕ್ರೋಫ್ಯಾರಡ್ ಮೂಲಕ ಎಲ್‌ಎಂ386ರ 3ನೇ ಪಿನ್‌ಗೆ, 2ನೇ ಪಿನ್ ಗ್ರೌಂಡ್‌ಗೆ.

ಆರ್‌ಸಿ ಸುಮಾರು 24 ಮೈಕ್ರೋಸೆಕೆಂಡ್ ಬರುತ್ತದೆ. 2.2 ಕೆ ಮತ್ತು ಎರಡನೇ ಕೆಪಾಸಿಟರ್ ಸೇರಿ ಕ್ಯಾರಿಯರ್‌ನ ಉಳಿಕೆಯನ್ನು ಆರು ಪಟ್ಟು ತಗ್ಗಿಸುತ್ತವೆ. ಎಲ್‌ಎಂ386ರ ಇನ್‌ಪುಟ್ 50 ಕೆ, ಹಾಗಾಗಿ ಪಾಟ್ ಪೂರ್ತಿ ಮೇಲಿದ್ದಾಗಲೂ ಅನುಪಾತ 0.86; ನಡುವಿನಲ್ಲಿದ್ದರೆ 0.96. ನಡುಕಾಲಿನ ಕೆಪಾಸಿಟರನ್ನು ಬಿಡಬೇಡಿ. ಅಲ್ಲಿರುವ ಡಿಸಿಯನ್ನೂ ಐಸಿ 20 ಪಟ್ಟು ಮಾಡುತ್ತದೆ, ಔಟ್‌ಪುಟ್ ಒಂದು ಬದಿಗೆ ಹೋಗಿ ಕೂತುಬಿಡುತ್ತದೆ.

ಪ್ರೋಬ್ ಯಾವುದು? ಒಂದು ಪಟ್ಟಿನ ಪ್ರೋಬ್ ಸುಮಾರು 100 ಪಿಕೋಫ್ಯಾರಡ್ ಸೇರಿಸುತ್ತದೆ. ಅದನ್ನು ಐಎಫ್‌ಟಿಯ ಮೇಲಿಟ್ಟರೆ ಟ್ಯೂನಿಂಗೇ ಜಾರುತ್ತದೆ. ಹತ್ತು ಪಟ್ಟಿನದನ್ನೇ ಬಳಸಿ.

ಸುರುಳಿ455

ಇಬ್ಬರಿಗೂ ಧನ್ಯವಾದ. ಹೇಳಿದಂತೆಯೇ ಬದಲಿಸಿದೆ, ಓರೆ ಗೆರೆ ಹೋಯಿತು. ಪ್ರೋಬ್ ಹತ್ತು ಪಟ್ಟಿನದೇ. ಆದರೂ ಸೈನ್‌ನ ತಳ ಇನ್ನೂ ಚಪ್ಪಟೆ. ಒಎ79 ಹಾಕಿದರೂ ಅಷ್ಟೇ. ಮೀಟರ್‌ನ ಡಯೋಡ್ ಮೋಡ್‌ನಲ್ಲಿ ಆ ಒಎ79 0.62 ತೋರಿಸುತ್ತಿದೆ. 741 ಆಪ್-ಆಂಪ್ ಹಾಕಿ ಪ್ರಿಸಿಶನ್ ರೆಕ್ಟಿಫೈಯರ್ (ಡಯೋಡ್‌ನ ವೋಲ್ಟೇಜ್ ನಷ್ಟ ತಪ್ಪಿಸುವ ಸರ್ಕ್ಯೂಟ್) ಮಾಡಿದರೆ ಸರಿಹೋಗುತ್ತದೆಯೇ?

ಮಧ್ಯಮತರಂಗ

0.62 ತೋರಿಸಿದರೆ ಅದು ಜರ್ಮೇನಿಯಂ ಅಲ್ಲ, ಒಎ79 ಎಂದು ಕೊಟ್ಟಿರುವ ಸಿಲಿಕಾನ್. ನಿಜವಾದದ್ದು 0.2ರಿಂದ 0.35ರೊಳಗೆ ತೋರಿಸುತ್ತದೆ. ಅಂಗಡಿಯಲ್ಲೇ ಮೀಟರ್ ಇಟ್ಟು ನೋಡಿ ಕೊಳ್ಳುವುದು ಒಳ್ಳೆಯದು.

741 ಬೇಡ. ಅದರ ಸ್ಲೂ ರೇಟ್ (ಔಟ್‌ಪುಟ್ ಬದಲಾಗಬಲ್ಲ ಗರಿಷ್ಠ ವೇಗ) ಮೈಕ್ರೋಸೆಕೆಂಡ್‌ಗೆ 0.5 ವೋಲ್ಟ್. 455 ಕಿಲೋಹರ್ಟ್ಸ್‌ನಲ್ಲಿ 1 ವೋಲ್ಟ್ ಪೀಕ್‌ನ ಸೈನ್ ದಾಟಿಸಲಿಕ್ಕೇ 2.86 ಬೇಕು, ನಿಮ್ಮ 1.8 ವೋಲ್ಟ್ ಪೀಕ್‌ಗೆ 5ಕ್ಕೂ ಹೆಚ್ಚು. ಸೊನ್ನೆ ದಾಟುವಾಗ ಡಯೋಡ್‌ನ 0.6 ವೋಲ್ಟ್ ಅನ್ನೂ ಅದು ಹಾರಬೇಕು. ಆಡಿಯೋ ಮಟ್ಟದಲ್ಲಿ ಮಾತ್ರ ಆ ಸರ್ಕ್ಯೂಟ್ ಸರಿ.

ಚಪ್ಪಟೆ ಯಾಕೆ ಎಂದು ತಿಳಿಯಲು ಸ್ಕೋಪನ್ನು ಡಿಸಿ ಕಪ್ಲಿಂಗ್‌ಗೆ ಹಾಕಿ ಡಯೋಡ್‌ನ ಆಚೆ ತುದಿ ನೋಡಿ. ಚಪ್ಪಟೆ ಭಾಗ ಸೊನ್ನೆಗಿಂತ ಮೇಲೆ ನಿಂತಿದ್ದರೆ ಅದು ಬೆಸುಗೆಕಡ್ಡಿ ಅವರು ಹೇಳಿದ ಲೋಡ್‌ನ ತೊಂದರೆ. ಸರಿಯಾಗಿ ಸೊನ್ನೆಯ ಮೇಲೇ ಕೂತಿದ್ದರೆ ಡಯೋಡ್‌ನ ಹೊಸ್ತಿಲಿನ ತೊಂದರೆ. ನಿಮ್ಮದು ಎರಡನೆಯದೇ ಇರಬೇಕು: ಅತಿ ಸಣ್ಣ ಇರುವ ಕಡೆ ಕ್ಯಾರಿಯರ್‌ನ ಪೀಕ್ ಬರೀ 0.2 ವೋಲ್ಟ್, ಅಷ್ಟಕ್ಕೆ ಸಿಲಿಕಾನ್ ತೆರೆಯುವುದಿಲ್ಲ. ಎಎಂ ಆಳವಾದಷ್ಟೂ ಈ ತಗ್ಗಿನ ಪೀಕೇ ಮುಖ್ಯ, ಸರಾಸರಿ ಕ್ಯಾರಿಯರ್ ಎಷ್ಟಿದೆ ಎಂಬುದಲ್ಲ.

ಕ್ಯಾರಿಯರ್ ಹೆಚ್ಚಿಸಲು ಆಗುವುದಾದರೆ ಅದೇ ಮೊದಲ ಮದ್ದು. ಶೇ 80ಕ್ಕೆ ತಗ್ಗಿನಲ್ಲೂ 0.7 ವೋಲ್ಟ್ ಉಳಿಯಬೇಕೆಂದರೆ 1ಎನ್4148ಕ್ಕೆ 3.5 ವೋಲ್ಟ್ ಪೀಕ್ ಕ್ಯಾರಿಯರ್ ಬೇಕು. ಜರ್ಮೇನಿಯಂ ಅಥವಾ ಬಿಎಟಿ85ರಂಥ ಶಾಟ್ಕಿ ಡಯೋಡ್ ಆದರೆ ಒಂದೂವರೆ ವೋಲ್ಟ್‌ನಲ್ಲಿ ಕೆಲಸ ನಡೆಯುತ್ತದೆ. ಜರ್ಮೇನಿಯಂ ಸಿಕ್ಕರೆ ಬೆಸುಗೆ ಹಾಕುವಾಗ ಕಾಲನ್ನು ಇಕ್ಕಳದಲ್ಲಿ ಹಿಡಿದುಕೊಳ್ಳಿ, ಶಾಖಕ್ಕೆ ಬೇಗ ಕೆಡುತ್ತದೆ.

ಬೆಸುಗೆಕಡ್ಡಿ

ಇರುವ 1ಎನ್4148ರಲ್ಲೇ ಮಾಡಬೇಕಿದ್ದರೆ ಡಯೋಡ್‌ಗೆ ಮೊದಲೇ ಸ್ವಲ್ಪ ಬಯಾಸ್ (ತೆರೆಯಲು ನೆರವಾಗುವ ಡಿಸಿ ವೋಲ್ಟೇಜ್) ಕೊಡಿ. ಐಎಫ್‌ಟಿ ಸೆಕೆಂಡರಿಯ ಗ್ರೌಂಡ್ ತುದಿಯನ್ನು ಬಿಡಿಸಿ, 0.1 ಮೈಕ್ರೋಫ್ಯಾರಡ್ ಮೂಲಕ ಗ್ರೌಂಡ್‌ಗೆ ಹಾಕಿ. ಅದೇ ತುದಿಗೆ 9 ವೋಲ್ಟ್‌ನಿಂದ 10 ಕೆ, ಗ್ರೌಂಡ್‌ಗೆ 470 ಓಮ್. ಸುಮಾರು 0.4 ವೋಲ್ಟ್ ಸಿಗುತ್ತದೆ. ಡಯೋಡ್‌ನ ಆನೋಡ್ ಸುರುಳಿಯ ಕಡೆಗೇ ಇರಲಿ, ಇಲ್ಲದಿದ್ದರೆ ಬಯಾಸ್ ಅದನ್ನು ಇನ್ನಷ್ಟು ಮುಚ್ಚುತ್ತದೆ.

ಬ್ಯಾಟರಿ ಉಳಿಸಲು 100 ಕೆ ಮತ್ತು 4.7 ಕೆ ಹಾಕೋಣ ಎನಿಸಬಹುದು, ಅನುಪಾತವೂ ಹೆಚ್ಚುಕಡಿಮೆ ಅದೇ. ಆದರೆ ಡಯೋಡ್‌ನ ಕರೆಂಟ್ ಸುತ್ತಿ ಬರುವುದು ಈ ರೆಸಿಸ್ಟರ್‌ಗಳ ಮೂಲಕವೇ. ಅದು 0.1 ಮಿಲಿಆಂಪ್ ಆದರೂ 4.7 ಕೆಯಲ್ಲಿ 0.4 ವೋಲ್ಟ್‌ಗೂ ಮೀರಿ ಬಿದ್ದು, ಕೊಟ್ಟ ಬಯಾಸೇ ಅಳಿಸಿಹೋಗುತ್ತದೆ. 470 ಓಮ್‌ನಲ್ಲಿ ಬೀಳುವುದು 45 ಮಿಲಿವೋಲ್ಟ್ ಮಾತ್ರ.

ಕೊನೆಗೆ ಟ್ಯೂನಿಂಗ್. ಈ ಡಿಟೆಕ್ಟರ್ ಐಎಫ್‌ಟಿಗೆ ತನ್ನ ಡಿಸಿ ಲೋಡ್‌ನ ಅರ್ಧದಂತೆ, ಅಂದರೆ ಸುಮಾರು 6 ಕೆಯಂತೆ ಕಾಣುತ್ತದೆ. ಪ್ರೈಮರಿಗೆ ನೇರ ಸಿಕ್ಕಿಸಿದರೆ ಕ್ಯೂ (ಟ್ಯೂನಿಂಗ್‌ನ ಚೂಪು) ಕುಸಿಯುತ್ತದೆ, ನೀವು ಸೆಕೆಂಡರಿಯಿಂದ ತೆಗೆದಿರುವುದು ಸರಿ. ಬದಲಾವಣೆ ಎಲ್ಲ ಮುಗಿದ ಮೇಲೆ ಪ್ರೋಬನ್ನು ಸುರುಳಿಯಿಂದ ತೆಗೆದು, ಡಿಟೆಕ್ಟರ್‌ನ ಡಿಸಿಯನ್ನು ಮೀಟರ್‌ನಲ್ಲಿ ನೋಡುತ್ತಾ ಕೋರನ್ನು ಪ್ಲಾಸ್ಟಿಕ್ ತಿರುಪುಳಿಯಿಂದ ತಿರುಗಿಸಿ. ಡಿಸಿ ಅತಿ ಹೆಚ್ಚಾದ ಕಡೆ ನಿಲ್ಲಿಸಿ. ಕಬ್ಬಿಣದ ತಿರುಪುಳಿಯಾದರೆ, ಅದನ್ನು ಹೊರತೆಗೆದ ಕೂಡಲೇ ಟ್ಯೂನಿಂಗ್ ಮತ್ತೆ ಸರಿಯುತ್ತದೆ.