ಅತ್ತೆ, ಇಬ್ಬರು ಮಕ್ಕಳ ಜೊತೆ ಕರಾವಳಿ: ದೇವಸ್ಥಾನ, ಬೀಚ್ ಬಿಟ್ಟು ಏನು ನೋಡಬಹುದು?

ರಾಜಾಜಿನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ಕ್ರಿಸ್‌ಮಸ್ ರಜೆಗೆ ನಾಲ್ಕೈದು ದಿನ ಉಡುಪಿ ಕಡೆ ಹೋಗೋಣ ಅಂತಿದ್ದೀವಿ. ಮಗಳು ನಾಲ್ಕನೇ ಕ್ಲಾಸು, ಮಗ ಯುಕೆಜಿ. ಜೊತೆಗೆ ಅತ್ತೆ ಬರ್ತಾರೆ. ಅವರಿಗೆ ಮಂಡಿನೋವು, ಮೆಟ್ಟಿಲು ಜಾಸ್ತಿ ಇದ್ದರೆ ಆಗಲ್ಲ. ಮಗಳಿಗೆ ಹುಳ, ಕಲ್ಲು, ಹಕ್ಕಿ ಅಂದರೆ ಪ್ರಾಣ. ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋದರೆ ಆಟದ ಸಾಮಾನಿನ ಕಡೆ ತಿರುಗಿಯೂ ನೋಡಲ್ಲ, ಬಿದಿರು ಮೆಳೆ ಹತ್ತಿರ ಕೂತು ಇರುವೆ ಸಾಲು ನೋಡ್ತಾಳೆ. ಟ್ರಾವೆಲ್ಸ್‌ನವರು ಕೊಟ್ಟ ಪಟ್ಟಿಯಲ್ಲಿ ಬರೀ ದೇವಸ್ಥಾನ, ಬೀಚ್, ಮತ್ತೆ ಬೀಚ್. ಮಕ್ಕಳು ನಿಜವಾಗಿ ಏನಾದರೂ ನೋಡಿ ತಿಳಿದುಕೊಳ್ಳುವಂಥ, ಅತ್ತೆಗೂ ಸುಸ್ತಾಗದ ಜಾಗ ಹೇಳ್ತೀರಾ?

ಕುಂದಾಪುರದವ, ಈಗ ವಿಜಯನಗರ

ಅಕ್ಕಾ, ನಿಮ್ಮ ಮಗಳಂಥವರಿಗೆ ಅಳಿವೆ ತೋರಿಸಿ. ನದಿ ಬಂದು ಕಡಲು ಸೇರುವ ಜಾಗ. ಬೆಂಗಳೂರಿನಿಂದ ಬಂದವರು ನೇರ ಮರಳಿಗೆ ಓಡಿ, ಅಲೆಯಲ್ಲಿ ನೆಂದು, ಸಂಜೆ ರೂಮಿಗೆ ಹೋಗಿಬಿಡ್ತಾರೆ. ನಮ್ಮೂರಿನ ಜೀವ ಇರುವುದು ಹೊಳೆ ಮತ್ತು ಕಡಲಿನ ನಡುವೆ. ಅದನ್ನು ನೋಡದೆ ಹೋಗುತ್ತಾರಲ್ಲ ಅಂತ ನನಗೆ ಪ್ರತಿ ಸಲ ಹೊಟ್ಟೆ ಉರಿಯುತ್ತದೆ.

ಮೊದಲು ಹೊನ್ನಾವರದ ಹತ್ತಿರ ಕಾಸರಕೋಡಿನ ಶರಾವತಿ ಕಾಂಡ್ಲಾ ವನ. ಕಾಂಡ್ಲಾ ಅಂದರೆ ಮ್ಯಾಂಗ್ರೋವ್, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮರ. ಕಾಂಡ್ಲಾ ಕಾಡಿನ ನಡುವೆ ಮರದ ಹಲಗೆಯ ದಾರಿ ಮಾಡಿದ್ದಾರೆ, ಸಮತಟ್ಟು, ಅತ್ತೆಯವರು ಕೈ ಹಿಡಿದು ನಿಧಾನಕ್ಕೆ ನಡೆಯಬಹುದು. ಹೋಗುವಾಗ ಇಳಿತದ ಹೊತ್ತು ನೋಡಿ ಹೋಗಿ. ಉಬ್ಬರ ಇದ್ದರೆ ಕೆಳಗೆ ಬರೀ ನೀರು. ಇಳಿತದಲ್ಲಿ ಕೆಸರು ತೆರೆದುಕೊಂಡಾಗ ಹಲಗೆಯ ಮೇಲೆ ಸದ್ದು ಮಾಡದೆ ಐದು ನಿಮಿಷ ನಿಂತುಬಿಡಿ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಒಂದೊಂದೇ ತೂತಿನಿಂದ ಉಗುರಿನಷ್ಟು ಏಡಿಗಳು ಹೊರಗೆ ಬರುತ್ತವೆ. ಗಂಡಿಗೆ ಒಂದು ಕೊಂಡಿ ಮಾತ್ರ ಮೈಯಷ್ಟೇ ದೊಡ್ಡದು, ಅದನ್ನು ಎತ್ತಿ ಎತ್ತಿ ಬೀಸುತ್ತದೆ, ಹೆಣ್ಣನ್ನು ಕರೆಯುವುದು ಹಾಗೆ. ಯಾರಾದರೂ ಕಾಲು ಕುಟ್ಟಿದರೆ ಎಲ್ಲ ಒಂದೇ ಸಲಕ್ಕೆ ಮಾಯ. ಕಾಂಡ್ಲಾ ಮರದಲ್ಲಿ ಗೇಣುದ್ದದ ಹಸಿರು ಕೋಲು ಜೋತಾಡುತ್ತಿದ್ದರೆ ಮಗಳಿಗೆ ತೋರಿಸಿ, ಅದು ಕಾಯಿ ಅಲ್ಲ, ಸಸಿ. ಬೀಜ ತಾಯಿಮರದಲ್ಲೇ ಮೊಳೆತು, ಉದ್ದ ಬೆಳೆದು, ಆಮೇಲೆ ಕೆಸರಿಗೆ ಬಿದ್ದು ಬೇರು ಬಿಡುತ್ತದೆ. ಉಪ್ಪುನೀರಿನಲ್ಲಿ, ದಿನಕ್ಕೆ ಎರಡು ಸಲ ಮುಳುಗುವ ನೆಲದಲ್ಲಿ ಬರೀ ಬೀಜ ಬಿದ್ದರೆ ನೆಲೆ ನಿಲ್ಲುವುದು ಕಷ್ಟ. ಅದಕ್ಕೆ ಆ ಮರ ಕಂಡುಕೊಂಡ ಉಪಾಯ ಇದು.

ಇಳಿತದ ಹೊತ್ತು ಮೀನುಗಾರರನ್ನು ಕೇಳಿದರೆ ಹೇಳುತ್ತಾರೆ. ಇವತ್ತಿನದ್ದು ಗೊತ್ತಾದರೆ ನಾಳೆಯದ್ದಕ್ಕೆ ಸುಮಾರು 50 ನಿಮಿಷ ಕೂಡಿಸಿಕೊಳ್ಳಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಹಿಂದೆ ಸರಿಯುತ್ತದೆ, ಬಂಡೆ ಇರುವ ತೀರದಲ್ಲಿ ಗುಂಡಿ ನೀರಿನೊಳಗೆ ಸಣ್ಣ ಮೀನು, ಶಂಖದ ಹುಳ ಎಲ್ಲ ಸಿಗುತ್ತದೆ. ನೋಡಿ ಅಲ್ಲೇ ಬಿಡಲು ಹೇಳಿ.

ಎರಡನೆಯದು ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪ. ಕಲ್ಲು ಇಷ್ಟ ಅಂದಿರಲ್ಲ, ಅದಕ್ಕೆ. ಅಲ್ಲಿ ಐದಾರು ಮೂಲೆಯ ಕಲ್ಲುಕಂಬಗಳು ಒತ್ತೊತ್ತಾಗಿ ನಿಂತಿವೆ, ಯಾರೂ ಕಡೆದದ್ದಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಅದು. ಬತ್ತಿದ ಕೆರೆಯ ಕೆಸರು ಬಿರಿಯುವ ಹಾಗೆ, ಲಾವಾ ತಣಿಯುತ್ತಾ ಕುಗ್ಗಿ ಸೀಳುಬಿಟ್ಟು ಈ ಆಕಾರ ಬಂದಿದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಒಂದು ಚೂರನ್ನೂ ಬ್ಯಾಗಿಗೆ ಹಾಕಿಕೊಳ್ಳಬಾರದು. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ, ಡಿಸೆಂಬರಿಗೆ ತೊಂದರೆ ಇಲ್ಲ. ಆದರೆ ದೋಣಿ ಹತ್ತಿ ಇಳಿಯುವಾಗ ಅಲುಗಾಟ ಇರುತ್ತದೆ, ದ್ವೀಪದಲ್ಲಿ ಮರಳಿಗಿಂತ ಬಂಡೆ, ಚಿಪ್ಪೇ ಹೆಚ್ಚು. ಅತ್ತೆಯವರ ಜೊತೆ ಒಬ್ಬರು ಮಲ್ಪೆಯಲ್ಲೇ ಉಳಿಯುವುದು ಒಳ್ಳೆಯದು. ಬೆಳಗ್ಗೆಯೇ ಹೋಗಿ, ಬಿಸಿಲು ಸುಡುತ್ತದೆ.

ನೀರಾಟ ಬೇಕೇ ಬೇಕು ಅಂತ ಮಕ್ಕಳು ಹಟ ಮಾಡಿದರೆ ಪಡುಬಿದ್ರಿ ಅಥವಾ ಕಾಸರಕೋಡು. ಎರಡಕ್ಕೂ 2020ರಲ್ಲಿ ಬ್ಲೂ ಫ್ಲ್ಯಾಗ್ ಬಂದಿದೆ, ಅಂದರೆ ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರು ಇರುತ್ತಾರೆ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ನೋಡಲು ಎರಡು ಕಣ್ಣು ಸಾಲದು, ಆದರೆ ಅಲ್ಲಿ ನೀರಿಗೆ ಇಳಿಸಬೇಡಿ. ಅಳಿವೆ ಬಾಯಿಯಲ್ಲೂ ಬೇಡವೇ ಬೇಡ, ಸೆಳೆತ ಜೋರು. ಬೇರೆ ತೀರದಲ್ಲೂ ಒಂದು ನೆನಪಿಡಿ: ಎರಡೂ ಬದಿ ಅಲೆ ಒಡೆಯುತ್ತಿದ್ದು ನಡುವೆ ಮಾತ್ರ ನೀರು ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಂಡರೆ ಅದು ಸುರಕ್ಷಿತ ಜಾಗ ಅಲ್ಲ. ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗುವ ದಾರಿ ಅದು, ದೊಡ್ಡವರನ್ನೂ ಎಳೆದುಕೊಂಡು ಹೋಗುತ್ತದೆ.

ಕುಮಟಾ ತವರು

ಮೇಲಿನವರು ಹೇಳಿದ್ದು ಸರಿ. ಕಾಸರಕೋಡಿನ ತನಕ ಹೋದರೆ ಪಕ್ಕದಲ್ಲೇ ಅಪ್ಸರಕೊಂಡ ಇದೆ. ಜಲಪಾತಕ್ಕೆ ಮೆಟ್ಟಿಲು ಇಳಿಯಬೇಕು, ಆದರೆ ಮೇಲಿನ ಉದ್ಯಾನದಿಂದ ಕಡಲು ಚೆನ್ನಾಗಿ ಕಾಣುತ್ತದೆ, ಹಿರಿಯರು ಅಲ್ಲೇ ಕೂರಬಹುದು. ನಮ್ಮ ಯಾಣ ಬಿಟ್ಟು ಹೋಗಬೇಡಿ ಅಂತ ಹೇಳುವ ಆಸೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್, ಎರಡೂ ಕಪ್ಪು ಸುಣ್ಣಕಲ್ಲು, ಕಾಡಿನ ನಡುವೆ ತಲೆ ಎತ್ತಿ ನೋಡುವಾಗ ಮೈ ಜುಂ ಅನ್ನುತ್ತದೆ. ಆದರೆ ನಡಿಗೆ ಮತ್ತು ಮೆಟ್ಟಿಲು ಎರಡೂ ಇದೆ, ಮಂಡಿನೋವಿಗೆ ಆಗದು. ನೀವು ಮಗಳನ್ನು ಕರೆದುಕೊಂಡು ಅರ್ಧ ದಿನ ಹೋಗಿಬನ್ನಿ.

ಮಂಗಳೂರು–ಮಲ್ಲೇಶ್ವರ

ವಾಪಸ್ ಬರುವಾಗ ಮಂಗಳೂರಿನ ಮೇಲೆ ಬರುವುದಾದರೆ ಪಿಲಿಕುಳ ಸೇರಿಸಿ. ಶಿವರಾಮ ಕಾರಂತರ ಹೆಸರಿನ ಮೃಗಾಲಯ, ಕಾಳಿಂಗ ಸರ್ಪ, ತಾರಾಲಯ, ಕೆರೆ ಎಲ್ಲ ಒಂದೇ ಆವರಣದಲ್ಲಿ. ಯುಕೆಜಿ ಹುಡುಗನಿಗೆ ಅದೇ ಹೆಚ್ಚು ಖುಷಿ ಕೊಡುತ್ತದೆ. ಬರೀ ಏಡಿ ಕಾಯುತ್ತಾ ನಿಲ್ಲುವ ತಾಳ್ಮೆ ಅವನಿಗೆ ಇರುವುದಿಲ್ಲ.

ರಾಜಾಜಿನಗರದ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗಳಿಗೆ ಏಡಿ ವಿಷಯ ಓದಿ ಹೇಳಿದೆ, ಈಗಲೇ ಹೊರಡೋಣ ಅಂತಿದ್ದಾಳೆ. ಎರಡು ಪ್ರಶ್ನೆ: ಎಲ್ಲಿ ಉಳಿಯೋದು, ಕಾರಾ ರೈಲಾ?

ಕುಂದಾಪುರದವ, ಈಗ ವಿಜಯನಗರ

ರೈಲು. ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಸಂಜೆ ಹತ್ತಿದರೆ ಅತ್ತೆಯವರು ಕಾಲು ಚಾಚಿ ಮಲಗಬಹುದು, ಘಾಟಿಯ ತಿರುವಿನಲ್ಲಿ ಮಕ್ಕಳಿಗೆ ವಾಂತಿಯ ಕಾಟವೂ ಇಲ್ಲ. ರಜೆಯ ಟಿಕೆಟ್ ಬೇಗ ಮುಗಿಯುತ್ತದೆ, ಈಗಲೇ ನೋಡಿ. ಕುಂದಾಪುರದಲ್ಲಿ ಇಳಿದು ಅಲ್ಲೇ ಉಳಿಯಿರಿ. ದಕ್ಷಿಣಕ್ಕೆ ಮಲ್ಪೆ, ಉತ್ತರಕ್ಕೆ ಮರವಂತೆ, ಹೊನ್ನಾವರ, ದಿನಕ್ಕೊಂದು ದಿಕ್ಕು ಸಾಕು. ದಿನಾ ರೂಮು ಖಾಲಿ ಮಾಡಿ ಹೊಸ ಊರಿಗೆ ಹೋದರೆ ವಯಸ್ಸಾದವರಿಗೆ ಅದೇ ದೊಡ್ಡ ಸುಸ್ತು. ಬೆಳಗ್ಗೆ ಬೇಗ ತೀರಕ್ಕೆ ಹೋದರೆ ಕೈರಂಪಣಿ ಎಳೆಯುವುದು ಸಿಕ್ಕರೂ ಸಿಗಬಹುದು. ಉದ್ದದ ಬಲೆಯ ಎರಡು ತುದಿಯನ್ನು ಜನ ಸಾಲಾಗಿ ನಿಂತು ದಡಕ್ಕೆ ಎಳೆಯುತ್ತಾರೆ. ಕೇಳಿದರೆ ಮಕ್ಕಳಿಗೂ ಹಗ್ಗ ಹಿಡಿಯಲು ಬಿಡುತ್ತಾರೆ.

ಮಕ್ಕಳಿಗೆ ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿ. ಬಂಡೆಯ ಮೇಲಿನ ಚಿಪ್ಪು ಕಾಲು ಕೊಯ್ಯುತ್ತದೆ.