ಕೋಡ್ ಕಳಿಸಿದ್ದೇವೆ ಅನ್ನುತ್ತದೆ, ಫೋನಿಗೆ ಮಾತ್ರ ಬರುವುದಿಲ್ಲ: ನಿಮಗೂ ಹೀಗಾಗಿತ್ತಾ?

ಕೇಳಿದವರು:

ನಮ್ಮ ಚಿಕ್ಕಮ್ಮನಿಗೆ ತಿಂಗಳು ತಿಂಗಳು ಸರ್ಕಾರದ ನೆರವಿನ ಹಣ ಬರುತ್ತದೆ. ಅದರ ಆನ್‌ಲೈನ್ ಖಾತೆ ನೋಡಿಕೊಳ್ಳುವುದು ನಾನು. ಅವರಿಗೆ ಲ್ಯಾಪ್‌ಟಾಪ್ ಅಂದರೆ ಆಗುವುದಿಲ್ಲ. ಪಾಸ್‌ವರ್ಡ್ ಹಾಕಿದ ಮೇಲೆ ಆರು ಅಂಕಿಯ ಕೋಡ್ ಅವರ ಫೋನಿಗೆ ಬರಬೇಕು. ಮೂರು ದಿನದಿಂದ ಬರುತ್ತಿಲ್ಲ. ಮೊದಲ ದಿನ ಒಂದೇ ಒಂದು ಬಂತು, ಅವರು ಫೋನಿನಲ್ಲಿ ಓದಿ ಹೇಳಿದರು. ಹಾಕಿದರೆ 'ಕೋಡ್ ತಪ್ಪಾಗಿದೆ' ಅಂತು. ಆಮೇಲೆ ಹತ್ತು ಹನ್ನೆರಡು ಸಲ 'ಮತ್ತೆ ಕಳಿಸಿ' ಒತ್ತಿದ್ದೇನೆ. ಒಂದೂ ಇಲ್ಲ. ನಿನ್ನೆ ಖಾತೆಯೇ ಎರಡು ಗಂಟೆ ಲಾಕ್ ಆಯಿತು. ನಂಬರ್ ಬದಲಾಗಿಲ್ಲ, ಸಿಮ್ ಅದೇ, ಕರೆನ್ಸಿ ಇದೆ, ಕರೆ ಹೋಗುತ್ತದೆ, ಬರುತ್ತದೆ. ಶುಕ್ರವಾರದೊಳಗೆ ಈ ತಿಂಗಳ ವಿವರ ತುಂಬದಿದ್ದರೆ ಹಣ ನಿಲ್ಲುತ್ತದೆ. ಇದನ್ನು ದಾಟಿ ಬಂದವರು ಏನು ಮಾಡಿದಿರಿ ಹೇಳಿ, ಪ್ಲೀಸ್.

ಇದೇ ಪಾಡು ಪಟ್ಟ ಒಬ್ಬರು:

ಮೊದಲು ಆ 'ಮತ್ತೆ ಕಳಿಸಿ' ಗುಂಡಿಯಿಂದ ಕೈ ತೆಗೆಯಿರಿ. ನಾನೂ ಲಿಫ್ಟ್ ಗುಂಡಿ ಒತ್ತಿದ ಹಾಗೆ ಒತ್ತುತ್ತಿದ್ದೆ. ಹೊಸ ಕೋಡ್ ಹುಟ್ಟಿದ ತಕ್ಷಣ ಹಳೆಯದು ಸಾಯುತ್ತದೆ, ಹೆಚ್ಚಿನ ಕಡೆ ಹೀಗೇ. ನೀವು ಮೂರು ಸಲ ಒತ್ತಿದಿರಿ, ಮೊದಲನೆಯದು ಈಗ ಬಂತು ಅಂತಿಟ್ಟುಕೊಳ್ಳಿ. ಅದನ್ನು ಹಾಕಿದರೆ 'ತಪ್ಪು' ಅನ್ನದೆ ಇನ್ನೇನು ಅನ್ನುತ್ತದೆ? ನಿಮ್ಮ ಮೊದಲ ದಿನದ ಕಥೆ ಇದೇ ಇರಬೇಕು. ಮೆಸೇಜುಗಳು ಹೊರಟ ಕ್ರಮದಲ್ಲೇ ಬರುತ್ತವೆ ಅನ್ನುವ ಖಾತ್ರಿಯೂ ಇಲ್ಲ.

ನಾನು ಮಾಡಿದ್ದು ಇಷ್ಟು. ಲಾಕ್ ಬಿಡುವ ತನಕ ಕಾದೆ. ಫೋನನ್ನು ಆಫ್ ಮಾಡಿ ಆನ್ ಮಾಡಿದೆ. ಒಂದೇ ಸಲ ಒತ್ತಿದೆ. ಹತ್ತು ನಿಮಿಷ ಸುಮ್ನೆ ಕೂತೆ. ಬಂತು.

ಇನ್ನೊಂದು. ಕೋಡ್ ಕೇಳುವ ಪುಟದಲ್ಲಿ ನಂಬರಿನ ಕೊನೆಯ ಎರಡೋ ಮೂರೋ ಅಂಕಿ ಮಾತ್ರ ತೋರಿಸಿರುತ್ತಾರೆ, ಉಳಿದದ್ದು ಚುಕ್ಕಿ. ಅದು ಚಿಕ್ಕಮ್ಮನ ನಂಬರೇನಾ ನೋಡಿ. 'ನಂಬರ್ ಬದಲಾಗಿಲ್ಲ' ಅನ್ನುವುದು ಬೇರೆ, 'ಖಾತೆಯಲ್ಲಿ ಇರುವುದು ಇದೇ ನಂಬರ್' ಅನ್ನುವುದು ಬೇರೆ. ನಮ್ಮ ಮಾವನ ಖಾತೆಯಲ್ಲಿ ಇದ್ದದ್ದು, ಅದನ್ನು ತೆರೆದುಕೊಟ್ಟ ಪಕ್ಕದ ಮನೆ ಹುಡುಗನ ನಂಬರ್!

ಅಮ್ಮನ ಕೀಪ್ಯಾಡ್ ಫೋನ್ ನೋಡಿಕೊಳ್ಳುವ ಮಗಳು:

ಚಿಕ್ಕಮ್ಮನದು ಹಳೆಯ ಗುಂಡಿ ಫೋನಾ? ಹಾಗಿದ್ದರೆ ಮೆಸೇಜ್ ಪೆಟ್ಟಿಗೆ ತುಂಬಿದೆಯಾ ನೋಡಿ. ನಮ್ಮ ಅಮ್ಮನ ಫೋನಿನ ಮೂಲೆಯಲ್ಲಿ ಸಣ್ಣ ಲಕೋಟೆ ಚಿತ್ರ ಮಿಣಮಿಣ ಅನ್ನುತ್ತಿತ್ತು. ಎಷ್ಟು ದಿನದಿಂದ ಅಂತ ಕೇಳಿದರೆ, "ಅದು ಯಾವಾಗಲೂ ಹಾಗೇ ಇರತ್ತೆ ಕಣೆ" ಅಂದರು. ಜಾಗ ಖಾಲಿ ಇಲ್ಲ ಅಂತ ಫೋನ್ ತಿಂಗಳುಗಟ್ಟಲೆ ಕೂಗುತ್ತಿತ್ತು ಪಾಪ.

ಇಂಥ ಫೋನುಗಳಲ್ಲಿ ಮೆಸೇಜ್ ಸಿಮ್ಮಿನ ಒಳಗೇ ಕೂರುವುದುಂಟು. ಅದರಲ್ಲಿ ಹಿಡಿಯುವುದೇ ಹತ್ತಾರು ಮೆಸೇಜ್. ಅಳಿಸೋಣ ಅಂತ ಕೂತೆವು. ಅಮ್ಮ ಒಂದೊಂದನ್ನೂ ಓದದೆ ಅಳಿಸಲು ಬಿಡಲಿಲ್ಲ. ಎಲ್ಲವೂ ಆಫರ್ ಮೆಸೇಜೇ, ಆದರೂ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಹೂಂ, ಇದು ಬೇಡ" ಅನ್ನಬೇಕು. ಆರನೆಯದು ಹೋದ ಮೇಲೆ ಫೋನ್ ಟುಂಯ್ ಅಂತು. ಮತ್ತೆ ಟುಂಯ್. ಅಲ್ಲಿಯ ತನಕ ಬಾಗಿಲಲ್ಲಿ ಕಾದಿದ್ದ ಕೋಡುಗಳು ಒಂದರ ಹಿಂದೆ ಒಂದು ಒಳಗೆ ಬಂದವು. ಎಲ್ಲವೂ ಅವಧಿ ಮುಗಿದವು, ಅದು ಬೇರೆ ಮಾತು. ಹೊಸದಾಗಿ ಒಂದು ಕೇಳಿದೆವು, ಅರ್ಧ ನಿಮಿಷದಲ್ಲಿ ಬಂತು.

ಮೊಬೈಲ್ ಕಂಪನಿಯ ಕೌಂಟರಿನಲ್ಲಿ ಕೆಲಸ ಮಾಡಿದವರು:

ಮೇಲೆ ಹೇಳಿದ್ದು ಸರಿ. ಎಸ್ಸೆಮ್ಮೆಸ್ ನೇರವಾಗಿ ಫೋನಿಗೆ ಬರುವುದಿಲ್ಲ. ಕಂಪನಿಯ ಮೆಸೇಜ್ ಕೇಂದ್ರಕ್ಕೆ ಬಂದು, ಅಲ್ಲಿಂದ ಫೋನಿಗೆ. ಫೋನ್ ಆಫ್ ಇದ್ದರೆ, ಸಿಗ್ನಲ್ ಇಲ್ಲದಿದ್ದರೆ, ಜಾಗ ಇಲ್ಲದಿದ್ದರೆ, ಕೇಂದ್ರ ಅದನ್ನು ಇಟ್ಟುಕೊಂಡು ಆಗಾಗ ಮತ್ತೆ ಪ್ರಯತ್ನಿಸುತ್ತದೆ. ಕೋಡಿಗೆ ಆಯಸ್ಸು ಕೆಲವೇ ನಿಮಿಷ, ಮೆಸೇಜಿಗೆ ಗಂಟೆಗಟ್ಟಲೆ ತಾಳ್ಮೆ. ಗಲಾಟೆ ಆಗುವುದೇ ಇಲ್ಲಿ.

ಕೌಂಟರಿಗೆ ಬಂದವರು ಎಲ್ಲರೂ ಹೇಳುತ್ತಿದ್ದದ್ದು ಒಂದೇ: "ಬೇರೆ ಎಲ್ಲಾ ಮೆಸೇಜ್ ಬರುತ್ತೆ ಸರ್, ಇದು ಮಾತ್ರ ಬರಲ್ಲ." ನಂಬುತ್ತೇನೆ. ಗೆಳೆಯರ ಮೆಸೇಜ್ ಬರುವ ದಾರಿ ಬೇರೆ, ಐದಾರು ಅಂಕಿಯ ಚಿಕ್ಕ ನಂಬರಿನಿಂದಲೋ ಇಲಾಖೆಯ ಹೆಸರಿನಿಂದಲೋ ಬರುವ ಮೆಸೇಜಿನ ದಾರಿ ಬೇರೆ. ಕೆಲವು ಪ್ಲಾನುಗಳಲ್ಲಿ ಚಿಕ್ಕ ನಂಬರಿನ ಮೆಸೇಜುಗಳನ್ನೇ ತಡೆದಿರುತ್ತಾರೆ, ಹಣ ಕೀಳುವ ಸೇವೆಗಳಿಂದ ಗ್ರಾಹಕರನ್ನು ಕಾಪಾಡಲು ಅಂತ. ಅದರ ಜೊತೆಗೆ ಒಳ್ಳೆಯದೂ ಹೋಗುತ್ತದೆ. ನಂಬರ್ ಉಳಿಸಿಕೊಂಡು ಕಂಪನಿ ಬದಲಿಸಿದವರಿಗೆ ಕರೆ ಎಲ್ಲ ಸರಿಯಾಗಿದ್ದು, ಇಂಥ ಮೆಸೇಜ್ ಮಾತ್ರ ಹಳೆಯ ಕಂಪನಿ ಕಡೆ ಹೋಗುತ್ತಿರುವುದೂ ಇದೆ. ಬೇರೆ ದೇಶದಲ್ಲಿ ರೋಮಿಂಗಿನಲ್ಲಿ ಇದ್ದರೂ ಇದೇ ತೊಂದರೆ. ಹಾಗಾಗಿ ಕಸ್ಟಮರ್ ಕೇರಿಗೆ 'ಮೆಸೇಜ್ ಬರುತ್ತಿಲ್ಲ' ಅನ್ನಬೇಡಿ. ಅವರು ತಾವೇ ಒಂದು ಕಳಿಸಿ, "ಬಂತಲ್ಲ?" ಅಂತ ಫೋನ್ ಇಡುತ್ತಾರೆ. 'ಚಿಕ್ಕ ನಂಬರಿನಿಂದ ಬರುವ ಮೆಸೇಜಿಗೆ ನನ್ನ ನಂಬರಿನಲ್ಲಿ ತಡೆ ಇದೆಯಾ' ಅಂತ ಕೇಳಿ.

ಸಿಮ್ ಹಾಳಾಗಿ ಅದೇ ನಂಬರಿಗೆ ಹೊಸ ಸಿಮ್ ತೆಗೆದುಕೊಂಡವರಿಗೆ ಕೆಲವು ಕಡೆ ಒಂದು ದಿನ ಮೆಸೇಜ್ ತಡೆದಿಡುವ ನಿಯಮವಿದೆ. ಬೇರೆಯವರು ನಿಮ್ಮ ಹೆಸರಿನಲ್ಲಿ ಸಿಮ್ ಪಡೆದು ಕೋಡ್ ಕದಿಯಬಾರದು ಅಂತ. ಅದಕ್ಕೆ ಕಾಯುವುದೊಂದೇ ದಾರಿ.

ಕೇಳಿದವರು:

ಧನ್ಯವಾದ. ಕೊನೆಯ ಅಂಕಿಗಳು ಚಿಕ್ಕಮ್ಮನ ನಂಬರಿನವೇ. ಫೋನ್ ಟಚ್ ಸ್ಕ್ರೀನಿನದು, ಮಗ ಹೋದ ವರ್ಷ ಕೊಡಿಸಿದ್ದು. ಅದು ಅವರ ಮನೆಯಲ್ಲಿದೆ, ಲ್ಯಾಪ್‌ಟಾಪ್ ನನ್ನ ಮನೆಯಲ್ಲಿ. ನಾನು ರಾತ್ರಿ ಕೆಲಸ ಮುಗಿಸಿ ಬಂದು ಪ್ರಯತ್ನಿಸುತ್ತೇನೆ.

ಫೋನ್ ಬದಲಿಸಿ ಪೇಚಿಗೆ ಸಿಕ್ಕವರು:

ಟಚ್ ಫೋನಾದರೆ ಮೆಸೇಜ್ ಆ್ಯಪಿನ ಒಳಗೇ ಹುಡುಕಿ. ಆಂಡ್ರಾಯ್ಡಿನ ಮೆಸೇಜ್ ಆ್ಯಪಿನಲ್ಲಿ 'ಸ್ಪ್ಯಾಮ್ ಮತ್ತು ಬ್ಲಾಕ್ ಮಾಡಿದವು' ಅಂತ ಒಂದು ಮೂಲೆ ಇದೆ. ಅಲ್ಲಿಗೆ ಬಿದ್ದದ್ದಕ್ಕೆ ಸದ್ದೂ ಇಲ್ಲ, ಸೂಚನೆಯೂ ಇಲ್ಲ. ಐಫೋನಿನಲ್ಲಿ ಗುರುತಿಲ್ಲದವರ ಮೆಸೇಜುಗಳನ್ನು ಬೇರೆ ಪಟ್ಟಿಗೆ ಹಾಕುವ ಸೆಟ್ಟಿಂಗ್ ಇದೆ. ಕೋಡ್ ಬಳಸಿದ ಮೇಲೆ ಆ ಮೆಸೇಜನ್ನು ತಾನೇ ಅಳಿಸುವ ಸೆಟ್ಟಿಂಗೂ ಇದೆ. ಅದನ್ನು ಆನ್ ಮಾಡಿ ಮರೆತು, ಮೆಸೇಜ್ ಎಲ್ಲಿ ಹೋಯಿತು ಅಂತ ನಾನು ಒಂದು ಸಂಜೆ ಪೂರ್ತಿ ಫೋನ್ ಕಂಪನಿಯನ್ನು ಬೈದಿದ್ದೇನೆ.

ಇಮೇಲಿಗೆ ಕೋಡ್ ತರಿಸಿಕೊಳ್ಳುವವರು:

ನನ್ನದು ಇಮೇಲಿನ ಕಥೆ, ಬೇರೆಯವರಿಗೆ ಉಪಯೋಗಕ್ಕೆ ಬರಲಿ. ಸ್ಪ್ಯಾಮ್, ಪ್ರಮೋಷನ್ ಎಲ್ಲ ನೋಡಿದೆ, ಇಲ್ಲ. ಕಡೆಗೆ ಗೊತ್ತಾದದ್ದು, ಜೀಮೇಲ್ ತುಂಬಿ ತುಳುಕುತ್ತಿತ್ತು. ಉಚಿತವಾಗಿ ಕೊಡುವ 15 ಜಿಬಿ ಜಾಗ ಮೇಲಿಗೊಂದಕ್ಕೇ ಅಲ್ಲ, ಫೋಟೊ, ಫೈಲ್ ಎಲ್ಲಕ್ಕೂ ಸೇರಿ. ಮೊಮ್ಮಗಳ ವಿಡಿಯೊಗಳು ಕೂತು ಕೋಡಿಗೆ ಜಾಗ ಇಲ್ಲ. ನಾಲ್ಕು ವಿಡಿಯೊ ತೆಗೆದೆ, ಅಳಿಸಿದ್ದು ಹೋಗಿ ಬೀಳುವ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ (ಅದನ್ನು ಮಾಡದಿದ್ದರೆ ಜಾಗ ಬಿಡುವುದಿಲ್ಲ), ಸರಿಹೋಯಿತು.

ಕೆಲವು ಮೇಲ್ ಸರ್ವರುಗಳು ಹೊಸ ಕಡೆಯಿಂದ ಬಂದ ಮೊದಲ ಪತ್ರವನ್ನು ಬೇಕೆಂದೇ 'ಆಮೇಲೆ ಬಾ' ಅಂತ ವಾಪಸ್ ಕಳಿಸುತ್ತವೆ. ಕಸ ಕಳಿಸುವವರು ಮತ್ತೆ ಬರುವುದಿಲ್ಲ, ನಿಜವಾದವರು ಬರುತ್ತಾರೆ ಅನ್ನುವ ಲೆಕ್ಕ. ಅಷ್ಟರಲ್ಲಿ ಕೋಡ್ ಹಳಸಿರುತ್ತದೆ. ಎರಡನೆಯ ಸಲ ಕೇಳಿದಾಗ ಸಾಮಾನ್ಯವಾಗಿ ಬೇಗ ಬರುತ್ತದೆ.

ಆ್ಯಪ್ ಬಳಸುವವರು:

ನಾನು ಎಸ್ಸೆಮ್ಮೆಸ್ ಬಿಟ್ಟು ಕೋಡ್ ಹುಟ್ಟಿಸುವ ಆ್ಯಪಿಗೆ ಹೋಗಿ ಬಹಳ ದಿನವಾಯಿತು. ನಿಮ್ಮ ಖಾತೆಯಲ್ಲಿ ಆ ಆಯ್ಕೆ ಇದ್ದರೆ ಹಾಕಿಸಿಕೊಳ್ಳಿ. ಅದಕ್ಕೆ ಸಿಗ್ನಲ್ ಬೇಡ, ಇಂಟರ್ನೆಟ್ ಬೇಡ. ಮೊದಲ ಸಲ ಕ್ಯೂಆರ್ ಕೋಡ್ ತೋರಿಸಿದಾಗ ಒಂದು ಗುಟ್ಟಿನ ಕೀ ಫೋನಿಗೆ ಬರುತ್ತದೆ. ಆ ಕೀ, ಈಗಿನ ಸಮಯ, ಎರಡನ್ನೂ ಸೇರಿಸಿ ಫೋನ್ ತಾನೇ ಲೆಕ್ಕ ಹಾಕಿ ಆರು ಅಂಕಿ ಕೊಡುತ್ತದೆ. ಆ ಕಡೆ ಸರ್ವರೂ ಅದೇ ಲೆಕ್ಕ ಹಾಕುತ್ತದೆ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲು. ಈ ಪದ್ಧತಿ 2011ರಲ್ಲೇ ಎಲ್ಲರೂ ಬಳಸಬಹುದಾದ ಮಾನದಂಡವಾಗಿ ಬಂತು.

ಇದರಲ್ಲೂ ಒಂದು ಸಲ ಪೇಚಿಗೆ ಸಿಕ್ಕಿದ್ದೇನೆ. ಯಾವ ಕೋಡ್ ಹಾಕಿದರೂ ತಪ್ಪು, ತಪ್ಪು. ನೋಡಿದರೆ ಫೋನಿನ ಗಡಿಯಾರ ನಾಲ್ಕು ನಿಮಿಷ ಮುಂದಿತ್ತು! ಬಸ್ ತಪ್ಪದಿರಲಿ ಅಂತ ನಾನೇ ಮುಂದಿಟ್ಟಿದ್ದೆ. ಲೆಕ್ಕ ನಿಂತಿರುವುದೇ ಸಮಯದ ಮೇಲೆ, ಇನ್ನೆಲ್ಲಿ ಹೊಂದುತ್ತದೆ? ಸಮಯವನ್ನು 'ತಾನಾಗಿ ಹೊಂದಿಸು'ಗೆ ಇಟ್ಟೆ, ಮುಗೀತು. ಫೋನ್ ಬದಲಿಸುವವರು ಹಳೆಯದನ್ನು ಅಳಿಸುವ ಮುಂಚೆ ಆ್ಯಪಿನ ಕೀಗಳನ್ನು ಹೊಸದಕ್ಕೆ ಸಾಗಿಸಿ. ಫೋನ್ ಕೈಕೊಟ್ಟಾಗ ಬಳಸಲು ಮೀಸಲು ಕೋಡ್ ಕೊಟ್ಟರೆ ಕಾಗದದ ಮೇಲೆ ಬರೆದಿಡಿ. ಅದರ ಫೋಟೊ ಅದೇ ಫೋನಿನಲ್ಲಿ ಇಟ್ಟರೆ, ಬೀಗದ ಕೈಯನ್ನು ಬೀಗ ಹಾಕಿದ ಮನೆಯೊಳಗೆ ಇಟ್ಟ ಹಾಗೆ.

ಮೊದಲು ಬರೆದವರು:

ಕಣ್ಣು ಮಂಜಾದವರಿಗೆ, ಮನೆಯಲ್ಲಿ ಲ್ಯಾಂಡ್‌ಲೈನ್ ಇರುವವರಿಗೆ ಕರೆ ಮಾಡಿ ಕೋಡ್ ಓದಿ ಹೇಳುವ ಆಯ್ಕೆಯನ್ನೂ ಕೆಲವು ಖಾತೆಗಳಲ್ಲಿ ಇಟ್ಟಿರುತ್ತಾರೆ. 'ಬೇರೆ ದಾರಿಯಿಂದ ಪ್ರಯತ್ನಿಸಿ' ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಯಾಕೋ ಅದನ್ನು ಯಾವಾಗಲೂ ಕಣ್ಣಿಗೆ ಬೀಳದ ಕಡೆಯೇ ಇಡುತ್ತಾರೆ.

ನೆರವಿನ ಸಹಾಯವಾಣಿಯಲ್ಲಿ ಕೆಲಸ ಮಾಡಿದವರು:

ಎಲ್ಲರೂ ಫೋನ್ ರಿಪೇರಿ ಬಗ್ಗೆ ಹೇಳುತ್ತಿದ್ದೀರಿ, ಒಳ್ಳೆಯದು. ನನ್ನ ಮಾತು ಶುಕ್ರವಾರದ ಬಗ್ಗೆ. ಕೋಡ್ ಸರಿಹೋಗಲಿ ಅಂತ ಶುಕ್ರವಾರದ ಸಂಜೆಯ ತನಕ ಕಾಯಬೇಡಿ. ಇವತ್ತೇ ಕರೆ ಮಾಡಿಸಿ. ಗಡುವು ದಾಟುವ ಮುಂಚೆ ಬಂದ ಕರೆಗೂ, ಹಣ ನಿಂತ ಮೇಲೆ ಬಂದ ಕರೆಗೂ ನಮ್ಮ ಕಡೆ ಭಾರಿ ವ್ಯತ್ಯಾಸ ಇರುತ್ತಿತ್ತು. ಮೊದಲನೆಯದರಲ್ಲಿ ಎಷ್ಟೋ ಸಲ ವಿವರವನ್ನು ಫೋನಿನಲ್ಲೇ ತೆಗೆದುಕೊಳ್ಳುತ್ತಿದ್ದೆವು. ಎರಡನೆಯದು ಅರ್ಜಿ, ಮರುಪರಿಶೀಲನೆ, ಕಾಯುವಿಕೆ.

ಮಾತಾಡಬೇಕಾದವರು ಚಿಕ್ಕಮ್ಮನೇ, ನೀವು ಪಕ್ಕದಲ್ಲಿರಿ. ಅವರ ಗುರುತಿನ ಸಂಖ್ಯೆ, ಹಣ ಹೋಗುವ ಬ್ಯಾಂಕ್ ಖಾತೆಯ ಕೊನೆಯ ಅಂಕಿಗಳು, ಹೋದ ತಿಂಗಳು ಎಷ್ಟು ಹಣ ಯಾವ ದಿನ ಬಂತು, ಇವನ್ನು ಎದುರಿಗೆ ಇಟ್ಟುಕೊಳ್ಳಿ. ಗುರುತು ಖಚಿತ ಮಾಡಲು ಇಂಥವನ್ನೇ ಕೇಳುವುದು. "ಲಾಗಿನ್ ಆಗ್ತಿಲ್ಲ" ಅಂದರೆ ಪಾಸ್‌ವರ್ಡ್ ಬದಲಿಸಿ ಅಂದುಬಿಡುತ್ತಾರೆ. "ಪಾಸ್‌ವರ್ಡ್ ಸರಿ ಇದೆ, ಕೋಡ್ ತಲುಪುತ್ತಿಲ್ಲ, ಇಂಥ ದಿನ ಇಂಥ ಹೊತ್ತಿಗೆ ಕೇಳಿದ್ದೆ" ಅನ್ನಿ. ಕರೆಯ ಸಮಯ, ದೂರಿನ ಸಂಖ್ಯೆ ಬರೆದಿಡಿ. ಪರದೆಯ ಮೇಲಿನ ತಪ್ಪು ಸಂದೇಶವನ್ನು ಫೋಟೊ ತೆಗೆಯಿರಿ. ನಾಳೆ ಹಣ ನಿಂತರೆ, ನೀವು ಮೊದಲೇ ತಿಳಿಸಿದ್ದಿರಿ ಅನ್ನುವುದಕ್ಕೆ ಅದೇ ಸಾಕ್ಷಿ.

ಬೇಜಾರು ಮಾಡಿಕೊಳ್ಳಬೇಡಿ, ಇನ್ನೊಂದು ಮಾತು. ಅವರ ಪಾಸ್‌ವರ್ಡ್ ಇಟ್ಟುಕೊಂಡು ನೀವು ಒಳಹೋಗುವುದು ಬಹಳ ಕಡೆ ನಿಯಮಕ್ಕೆ ವಿರುದ್ಧ. ಅವರ ಪರವಾಗಿ ವ್ಯವಹರಿಸಲು ನಿಮ್ಮ ಹೆಸರನ್ನು ಅಧಿಕೃತವಾಗಿ ಸೇರಿಸುವ ಅರ್ಜಿ ಇದೆಯಾ ಅಂತ ಅದೇ ಕರೆಯಲ್ಲಿ ಕೇಳಿ.

ಒಬ್ಬರು:

ಸಹಾಯವಾಣಿ ನಂಬರನ್ನು ಗೂಗಲ್ ಮಾಡಿ ಮೇಲೆ ಕಂಡದ್ದಕ್ಕೆ ಕರೆ ಮಾಡಬೇಡಿ. ಇಲಾಖೆಯಿಂದ ಬಂದ ಹಳೆಯ ಕಾಗದದ ಮೇಲೆ ಇರುತ್ತದೆ, ಅದನ್ನು ನೋಡಿ. ನನ್ನ ಕಥೆ ಹೇಳಲು ನನಗೇ ನಾಚಿಕೆ. 'ಕೋಡ್ ಸಮಸ್ಯೆ ಸರಿ ಮಾಡುತ್ತೇವೆ' ಅಂದವನು ಕೇಳಿದ್ದೇ ಕೋಡ್.

ಕೇಳಿದವರು:

ಸಿಕ್ಕಿತು!! ಬೈಯಬೇಡಿ.

ಇವತ್ತು ರಜೆ ಹಾಕಿ ಚಿಕ್ಕಮ್ಮನ ಮನೆಗೇ ಹೋದೆ. ಮೆಸೇಜ್ ಆ್ಯಪಿನ ಆ ಸ್ಪ್ಯಾಮ್ ಮೂಲೆ ತೆಗೆದರೆ ಕೋಡುಗಳು ಸಾಲಾಗಿ ಕೂತಿದ್ದವು. ಇದನ್ನು ಯಾರು ಬ್ಲಾಕ್ ಮಾಡಿದರು ಅಂತ ಕೇಳಿದೆ. "ನಾನೇ ಕಣೋ" ಅಂದರು, ಬಹಳ ಹೆಮ್ಮೆಯಿಂದ. ಮೊದಲ ದಿನ ಕೋಡ್ ಓದಿ ಹೇಳಿ ಅವರು ಫೋನಿಟ್ಟರು. ನಾನು ಅವರಿಗೆ ಹೇಳದೆ ರಾತ್ರಿ ಹತ್ತೂವರೆಗೆ ಮತ್ತೆ ಒತ್ತಿದ್ದೆ. ಕೇಳದೆ ಕೋಡ್ ಬಂದರೆ ಯಾರೋ ಖಾತೆಗೆ ಕೈ ಹಾಕುತ್ತಿದ್ದಾರೆ ಅಂತ ಅರ್ಥ, ಹುಷಾರು ಅಂತ ಹೋದ ವರ್ಷ ಅವರಿಗೆ ಪಾಠ ಮಾಡಿದವನೂ ನಾನೇ. ಅವರು ಹುಷಾರಾದರು.

ಬ್ಲಾಕ್ ತೆಗೆದು, ಪಕ್ಕದಲ್ಲೇ ಕೂತು ಒಂದೇ ಸಲ ಒತ್ತಿದೆ. ಇಪ್ಪತ್ತು ಸೆಕೆಂಡಿನಲ್ಲಿ ಬಂತು. ವಿವರ ತುಂಬಿ ಆಯಿತು. ಸಹಾಯವಾಣಿಗೂ ಅವರಿಂದಲೇ ಕರೆ ಮಾಡಿಸಿದೆ, ನನ್ನ ಹೆಸರು ಸೇರಿಸಲು ಅರ್ಜಿ ಅಂಚೆಯಲ್ಲಿ ಕಳಿಸುತ್ತಾರಂತೆ. ಹೊರಡುವಾಗ ಚಿಕ್ಕಮ್ಮ, "ಆ ಹತ್ತೂವರೆ ಕಳ್ಳ ಮತ್ತೆ ಬಂದರೆ ಏನು ಮಾಡಲಿ?" ಅಂದರು. ನನಗೆ ಫೋನ್ ಮಾಡಿ ಅಂದೆ.